ಹಳ್ಳಿಯ ಯುವ ದಳ ಮತ್ತು ಕವಾಯತಿನ ಪಾಠ

(ಯುವಕ ಮಂಡಳ ಮತ್ತು ಯುವತಿ ಮಂಡಳಗಳ ವಾರದ ಕೂಟದಲ್ಲಿ ಓದಿ ಚರ್ಚಿಸಲು)

ಆಗಸ್ಟ್ 15 ಮತ್ತು ಜನವರಿ 26 ಸಮೀಪಿಸಿದವೆಂದರೆ ನಮ್ಮ ಬೀಳಗಿ ತಾಲೂಕಿನ ಶಾಲೆಗಳ ಬಯಲಿನಲ್ಲಿ ‘ಲೆಫ್ಟ್, ರೈಟ್, ಲೆಫ್ಟ್’ ಎಂಬ ಕೂಗು ಕೇಳಬರುತ್ತದೆ. ಮಕ್ಕಳು ಸಾಲು ಕಟ್ಟುತ್ತಾರೆ, ಮಾಸ್ತರರ ಗಂಟಲು ಒಡೆಯುತ್ತದೆ, ಧೂಳು ಏಳುತ್ತದೆ. ಹಬ್ಬದ ದಿನ ಊರಿನ ಹಿರಿಯರು ಬಂದು ನೋಡಿ ಮೆಚ್ಚುತ್ತಾರೆ. ಮರುದಿನದಿಂದ ಬಯಲು ಬಯಲಾಗಿಯೇ ಉಳಿಯುತ್ತದೆ. ಹದಿನೈದು ದಿನ ಬೆವರು ಸುರಿಸಿ ಕಲಿತದ್ದು ಹದಿನೈದು ನಿಮಿಷದ ಮೆರವಣಿಗೆಯಲ್ಲಿ ಮುಗಿದುಹೋದರೆ, ಅದು ಬೆಳೆದುನಿಂತ ಜೋಳವನ್ನು ರಾಶಿ ಮಾಡದೆ ಹೊಲದಲ್ಲಿಯೇ ಬಿಟ್ಟು ಬಂದಂತೆ ಆಗುವುದಿಲ್ಲವೇ?

ಕವಾಯತು ಯಾತಕ್ಕಾಗಿ, ಅದರಿಂದ ಊರಿಗೆ ಏನು ಪ್ರಯೋಜನ, ಅದನ್ನು ವರ್ಷವಿಡೀ ಉಳಿಸಿಕೊಳ್ಳುವುದು ಹೇಗೆ ಎಂಬುದನ್ನು ಈ ಪಾಠದಲ್ಲಿ ನೋಡೋಣ.

1. ಕವಾಯತು ಎಂದರೇನು?

ಹಲವರು ಕೂಡಿ, ಒಂದು ಮಾತಿಗೆ, ಒಂದೇ ಕಾಲಕ್ಕೆ, ಒಂದೇ ರೀತಿಯಲ್ಲಿ ನಡೆದುಕೊಳ್ಳುವ ಅಭ್ಯಾಸಕ್ಕೆ ಕವಾಯತು ಎಂದು ಹೆಸರು. ಈ ಮಾತು ಸೈನ್ಯದಿಂದ ಬಂದಿರಬಹುದು. ಆದರೆ ಈ ಗುಣ ಒಕ್ಕಲಿಗನಿಗೆ ಹೊಸದಲ್ಲ. ಕೂರಿಗೆ ಹೂಡಿದಾಗ ಎತ್ತು ಹೊಡೆಯುವವನ ಹೆಜ್ಜೆಯೂ ಬೀಜ ಬಿಡುವವಳ ಕೈಯೂ ಒಂದಾಗದಿದ್ದರೆ ಸಾಲು ಕೆಡುತ್ತದೆ. ನೊಗದಲ್ಲಿ ಒಂದೆತ್ತು ಮುಂದೆ ಎಳೆದು ಇನ್ನೊಂದು ಹಿಂದೆ ನಿಂತರೆ ಹೊಲವೂ ಸಾಗದು, ಎತ್ತೂ ಉಳಿಯದು. ಜಾತ್ರೆಯಲ್ಲಿ ಲೇಜೀಮಿನ ಮೇಳ ನೋಡಿರಿ. ಇಪ್ಪತ್ತು ಜನರ ಕೈ ಒಮ್ಮೆಗೇ ಮೇಲೇಳುತ್ತದೆ, ಒಮ್ಮೆಗೇ ಕೆಳಗಿಳಿಯುತ್ತದೆ. ಒಬ್ಬನ ಕೈ ತಪ್ಪಿದರೆ ನೋಡುವವರ ಕಣ್ಣಿಗೆ ಕೂಡಲೆ ಬೀಳುತ್ತದೆ. ಇದೂ ಕವಾಯತೇ.

ಕವಾಯತಿನಿಂದ ಮೂರು ಸಂಗತಿ ಕಲಿಯುತ್ತೇವೆ. ಮೊದಲನೆಯದು, ಮಾತನ್ನು ಪೂರ್ತಿ ಕೇಳುವುದು. ಎರಡನೆಯದು, ನಮ್ಮ ಮೈಯನ್ನು ನಮ್ಮ ಹತೋಟಿಯಲ್ಲಿ ಇಟ್ಟುಕೊಳ್ಳುವುದು. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಪಕ್ಕದವನ ಮೇಲೆ ಭರವಸೆ ಇಡುವುದು, ನಾವೂ ಅವನ ಭರವಸೆಗೆ ತಕ್ಕವರಾಗುವುದು. ಸಾಲಿನಲ್ಲಿ ನಿಂತವನು ಹಿಂದೆ ತಿರುಗಿ ನೋಡುವುದಿಲ್ಲ. ಹಿಂದಿನವನು ತನ್ನ ಜಾಗದಲ್ಲಿ ಇದ್ದಾನೆಂದು ಅವನಿಗೆ ಗೊತ್ತು. ಈ ಭರವಸೆ ಹಬ್ಬದ ದಿನಕ್ಕಿಂತ ಕಷ್ಟದ ದಿನ ಹೆಚ್ಚು ಬೇಕಾಗುತ್ತದೆ.

2. ನಮ್ಮ ಸೀಮೆಯ ಒಂದು ಉದಾಹರಣೆ

ಕಷ್ಟದ ದಿನ ಕವಾಯತು ಹೇಗೆ ಕೆಲಸಕ್ಕೆ ಬರುತ್ತದೆಂಬುದಕ್ಕೆ ಉದಾಹರಣೆ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಹುಬ್ಬಳ್ಳಿಯ ಡಾ. ನಾರಾಯಣ ಸುಬ್ಬರಾವ ಹರ್ಡೀಕರ ಅವರ ಹೆಸರನ್ನು ನಿಮ್ಮಲ್ಲಿ ಹಿರಿಯರು ಕೇಳಿರಬಹುದು. 1889ರಲ್ಲಿ ಹುಟ್ಟಿದ ಅವರು ವೈದ್ಯಕೀಯ ಓದಿದವರು. ಅಮೆರಿಕಕ್ಕೆ ಹೋಗಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದ ವಿಷಯ ಅಭ್ಯಾಸ ಮಾಡಿ, ಅಲ್ಲಿ ಲಾಲಾ ಲಜಪತರಾಯರ ಜೊತೆಗೆ ದೇಶದ ಕೆಲಸ ಮಾಡಿ ಮರಳಿ ಬಂದರು. ಹುಬ್ಬಳ್ಳಿಯಲ್ಲಿ ತರುಣರನ್ನು ಕೂಡಿಸಿ ಸೇವಾ ಮಂಡಳವನ್ನು ಕಟ್ಟಿದರು.

1923ರಲ್ಲಿ ನಾಗಪುರದಲ್ಲಿ ಝಂಡಾ ಸತ್ಯಾಗ್ರಹ ನಡೆಯಿತು. ಧ್ವಜ ಹಿಡಿದು ಬೀದಿಯಲ್ಲಿ ನಡೆದದ್ದೇ ಅಪರಾಧವೆಂದು ಸರಕಾರ ಜನರನ್ನು ಸೆರೆಗೆ ಹಾಕಿತು. ಸೆರೆಮನೆಯ ಕಷ್ಟ ತಾಳಲಾರದೆ ಕ್ಷಮೆ ಬರೆದುಕೊಟ್ಟು ಹೊರಗೆ ಬಂದವರು ಹಲವರು. ಹುಬ್ಬಳ್ಳಿಯಿಂದ ಹೋದ ಹರ್ಡೀಕರರ ತಂಡದವರು ಮಾತ್ರ ಕ್ಷಮೆ ಬರೆಯಲಿಲ್ಲ. ಅವರೇನು ಬೇರೆ ಮಣ್ಣಿನಿಂದ ಮಾಡಿದವರಲ್ಲ. ಕೂಡಿ ಪಳಗಿದ್ದರು, ಒಬ್ಬರನ್ನೊಬ್ಬರು ಬಲ್ಲವರಾಗಿದ್ದರು. ಆದ್ದರಿಂದ ಒಬ್ಬರಿಗೊಬ್ಬರು ಆಸರೆಯಾದರು. ಇದನ್ನು ಕಂಡು ದೇಶಕ್ಕೆಲ್ಲ ಇಂಥ ಪಳಗಿದ ಸ್ವಯಂಸೇವಕರು ಬೇಕೆಂದು ನಾಯಕರಿಗೆ ಅನಿಸಿತು. ಅದೇ ವರ್ಷ ಡಿಸೆಂಬರಿನಲ್ಲಿ ಕಾಕಿನಾಡಾ ಅಧಿವೇಶನದ ಸಮಯದಲ್ಲಿ ಹಿಂದುಸ್ತಾನಿ ಸೇವಾ ಮಂಡಳ ಹುಟ್ಟಿತು. ಮುಂದೆ ಅದೇ ಸೇವಾ ದಳ ಎಂದು ಹೆಸರಾಯಿತು.

ಮರುವರ್ಷ, 1924ರ ಡಿಸೆಂಬರಿನಲ್ಲಿ, ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಅಧಿವೇಶನ ನೆರೆಯಿತು. ಊರೂರಿನಿಂದ ಬಂದ ಸಾವಿರಾರು ಜನರಿಗೆ ನೆಲೆ, ನೀರು, ಊಟ, ಕಸ ತೆಗೆಯುವುದು, ದಾರಿ ತೋರಿಸುವುದು ಇವೆಲ್ಲ ಸ್ವಯಂಸೇವಕರ ಪಾಲಿಗೆ ಬಂದವು. ಸ್ವಯಂಸೇವಕರ ಮುಂದಾಳುತನ ಹರ್ಡೀಕರರದು. ಉಮಾಬಾಯಿ ಕುಂದಾಪುರ ಅವರು ಮಹಿಳಾ ಸ್ವಯಂಸೇವಕಿಯರ ತಂಡ ಕಟ್ಟಿದರು. ಹೆಣ್ಣುಮಕ್ಕಳು ಮನೆಯ ಹೊಸಿಲು ದಾಟುವುದೇ ದೊಡ್ಡ ಮಾತಾಗಿದ್ದ ಕಾಲದಲ್ಲಿ ಅವರು ಮನೆ ಮನೆಗೆ ಹೋಗಿ ತಾಯಂದಿರ ಒಪ್ಪಿಗೆ ಪಡೆದು ಹುಡುಗಿಯರನ್ನು ಸೇವೆಗೆ ತಂದರು.

ಇಲ್ಲಿ ಒಂದು ಮಾತನ್ನು ಗಮನಿಸಿರಿ. ಬೆಳಗಾವಿಯಲ್ಲಿ ದಳದವರು ಸಾಲಾಗಿ ನಡೆದದ್ದನ್ನು ಜನ ನೋಡಿದರು, ನಿಜ. ಆದರೆ ಆ ಸಾಲು ನೀರಿನ ಕೊಡ ಹೊತ್ತಿತು, ಕಸವನ್ನೂ ಬಳಿಯಿತು. ಹೆಜ್ಜೆ ಮತ್ತು ಸೇವೆ ಬೇರೆ ಬೇರೆ ಇರಲಿಲ್ಲ. ಹರ್ಡೀಕರರು ಮುಂದೆಯೂ ಇದೇ ದಾರಿ ಹಿಡಿದರು. ಘಟಪ್ರಭಾದ ಕರ್ನಾಟಕ ಆರೋಗ್ಯ ಧಾಮವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಸ್ವಾತಂತ್ರ್ಯದ ನಂತರ ಶಾಲಾ ಮಕ್ಕಳಿಗಾಗಿ ಭಾರತ ಸೇವಾದಳವನ್ನು ಬೆಳೆಸಿದರು. 1958ರಲ್ಲಿ ಅವರಿಗೆ ಪದ್ಮಭೂಷಣ ದೊರೆಯಿತು, 1975ರಲ್ಲಿ ತೀರಿಕೊಂಡರು.

ಧ್ವಜದ ಮಾತು ಬಂತು. ನಿಮ್ಮ ದಳ ವಂದಿಸುವ ಧ್ವಜದ ಖಾದಿ ಬಟ್ಟೆ ನಮ್ಮ ಜಿಲ್ಲೆಯ ತುಳಸಿಗೇರಿಯ ಮಗ್ಗದಲ್ಲಿ ನೇಯ್ದದ್ದಾಗಿರಬಹುದು. ಅಲ್ಲಿ ನೇಯ್ದ ಬಟ್ಟೆ ಹುಬ್ಬಳ್ಳಿಯ ಬೆಂಗೇರಿಗೆ ಹೋಗಿ, 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಧ್ವಜವಾಗುತ್ತದೆ. ಅಗಲ ಎರಡು ಪಾಲಾದರೆ ಉದ್ದ ಮೂರು ಪಾಲು, ಚಕ್ರಕ್ಕೆ 24 ಅರೆಗಳು. ಇದನ್ನು ಮಕ್ಕಳಿಗೆ ಹೇಳಿರಿ. ವಂದನೆಗೆ ಎತ್ತಿದ ಕೈಗೆ ಅರ್ಥ ಬರುತ್ತದೆ.

3. ಎನ್.ಸಿ.ಸಿ. ಎಂಬ ಕೆಡೆಟ್ ಪಡೆ

ದೇಶಕ್ಕೆ ಸ್ವಾತಂತ್ರ್ಯ ಬರುವ ಹೊತ್ತಿಗೆ ವಿದ್ಯಾರ್ಥಿಗಳ ಒಂದು ಪಡೆ ಬೇಕೆಂಬ ವಿಚಾರ ನಡೆಯಿತು. ಪಂಡಿತ ಹೃದಯನಾಥ ಕುಂಜ್ರು ಅವರ ಅಧ್ಯಕ್ಷತೆಯಲ್ಲಿ 1946ರಲ್ಲಿ ಸಮಿತಿ ನೇಮಕವಾಯಿತು. 1948ರಲ್ಲಿ ರಾಷ್ಟ್ರೀಯ ಕೆಡೆಟ್ ಪಡೆಯ ಕಾಯದೆ ಬಂತು. ಇದನ್ನೇ ನಾವು ಎನ್.ಸಿ.ಸಿ. ಎನ್ನುತ್ತೇವೆ. 1949ರಲ್ಲಿ ಹುಡುಗಿಯರ ವಿಭಾಗ, 1950ರಲ್ಲಿ ವಾಯು ವಿಭಾಗ, 1952ರಲ್ಲಿ ನೌಕಾ ವಿಭಾಗ ಸೇರಿದವು. ‘ಏಕತೆ ಮತ್ತು ಶಿಸ್ತು’ ಎಂಬುದು ಅದರ ಧ್ಯೇಯವಾಕ್ಯ. ಪ್ರತಿವರ್ಷ ನವೆಂಬರ್ ತಿಂಗಳ ನಾಲ್ಕನೆಯ ರವಿವಾರ ಎನ್.ಸಿ.ಸಿ. ದಿನ.

ಹಳ್ಳಿಗಳಲ್ಲಿ ತಂದೆತಾಯಿಗಳಿಗೆ ಒಂದು ಅಂಜಿಕೆ ಇರುತ್ತದೆ: ‘ಇದರಲ್ಲಿ ಹೆಸರು ಹಚ್ಚಿದರೆ ಮಗನನ್ನು ಯುದ್ಧಕ್ಕೆ ಒಯ್ಯುತ್ತಾರೆ.’ ಈ ಅಂಜಿಕೆಗೆ ಆಧಾರವಿಲ್ಲ. ಎನ್.ಸಿ.ಸಿ. ಸೇರಿದ ಮಾತ್ರಕ್ಕೆ ಸೈನ್ಯದಲ್ಲಿ ಸೇವೆ ಮಾಡುವ ಹೊಣೆ ಬರುವುದಿಲ್ಲವೆಂದು 1948ರ ಕಾಯದೆಯಲ್ಲಿಯೇ ಬರೆದಿದೆ. ಸೈನ್ಯಕ್ಕೆ ಹೋಗಬೇಕೆನ್ನುವವರಿಗೆ ಇದು ಸಹಾಯ ಮಾಡುತ್ತದೆ. ಒಲ್ಲೆನೆನ್ನುವವರನ್ನು ಯಾರೂ ಒತ್ತಾಯಿಸುವುದಿಲ್ಲ. ಪ್ರೌಢಶಾಲೆಯ ಕಿರಿಯರ ವಿಭಾಗದಲ್ಲಿ ಎರಡು ವರ್ಷ ತರಬೇತಿ ಮುಗಿಸಿ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ‘ಎ’ ಪ್ರಮಾಣಪತ್ರ. ಕಾಲೇಜಿನ ಹಿರಿಯರ ವಿಭಾಗದಲ್ಲಿ ‘ಬಿ’, ಅದರ ಮೇಲೆ ‘ಸಿ’ ಪ್ರಮಾಣಪತ್ರ. ಸೈನ್ಯದ ಭರ್ತಿಯಲ್ಲಿಯೂ ಕೆಲವು ಸರಕಾರಿ ನೌಕರಿಗಳಲ್ಲಿಯೂ ಈ ಪ್ರಮಾಣಪತ್ರಗಳಿಗೆ ಬೆಲೆಯಿದೆ.

ಚೀನಾ ಯುದ್ಧದ ನಂತರ, 1963ರಲ್ಲಿ, ಕಾಲೇಜು ವಿದ್ಯಾರ್ಥಿಗಳಿಗೆ ಎನ್.ಸಿ.ಸಿ.ಯನ್ನು ಕಡ್ಡಾಯ ಮಾಡಲಾಗಿತ್ತು. 1968ರಲ್ಲಿ ಅದನ್ನು ಮತ್ತೆ ಐಚ್ಛಿಕ ಮಾಡಿದರು. ಕಡ್ಡಾಯ ಐದು ವರ್ಷ ಮಾತ್ರ ನಡೆಯಿತು. ಇಷ್ಟಪಟ್ಟು ಸೇರುವ ಪದ್ಧತಿ ಅಂದಿನಿಂದ ಇಂದಿನವರೆಗೆ ನಡೆದು ಬಂದಿದೆ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯು ಕವಾಯತಿಗಿಂತ ಸೇವೆಯ ಕಡೆ ಒಲವುಳ್ಳ ವಿದ್ಯಾರ್ಥಿಗಳಿಗೆ ಮತ್ತೊಂದು ದಾರಿ ತೆರೆಯಿತು. ಶಿಸ್ತನ್ನು ಹೊರಗಿನಿಂದ ಹೇರುವುದಕ್ಕೆ ಮಿತಿ ಇದೆಯೆಂಬುದನ್ನು ಊರಿನಲ್ಲಿ ದಳ ಕಟ್ಟುವವರು ನೆನಪಿನಲ್ಲಿಡಬೇಕು.

ಕೆಡೆಟ್‌ಗಳಿಂದ ದೇಶಕ್ಕೆ ಏನು ಪ್ರಯೋಜನವಾಯಿತೆಂದು ಕೇಳಬಹುದು. 1965 ಮತ್ತು 1971ರ ಯುದ್ಧಕಾಲದಲ್ಲಿ ಅವರು ಮದ್ದುಗುಂಡಿನ ಕಾರ್ಖಾನೆಗಳಿಗೆ ನೆರವಾದರು, ನಾಗರಿಕ ರಕ್ಷಣೆಯ ಕೆಲಸ ಮಾಡಿದರು. 2020ರ ಕೊರೋನಾ ಕಾಲದಲ್ಲಿ ‘ಎನ್.ಸಿ.ಸಿ. ಯೋಗದಾನ’ ಎಂಬ ಹೆಸರಿನಲ್ಲಿ, 18 ವರ್ಷ ತುಂಬಿದ ಕೆಡೆಟ್‌ಗಳು ತಾವಾಗಿ ಮುಂದೆ ಬಂದು ಸರದಿಯ ಸಾಲು ನೋಡಿಕೊಳ್ಳುವ, ಸಾಮಾನು ಹಂಚುವ, ಸಂಚಾರ ನಿಯಂತ್ರಿಸುವ ಕೆಲಸದಲ್ಲಿ ಕೈಗೂಡಿಸಿದರು.

4. ಮೊದಲ ನಾಲ್ಕು ಪಾಠಗಳು

ಎಲ್ಲ ಶಾಲೆಗಳಲ್ಲಿಯೂ ಎನ್.ಸಿ.ಸಿ. ಇರುವುದಿಲ್ಲ. ಇಲ್ಲದ ಊರಿನ ಯುವಕ ಮಂಡಳಿಯವರು ಸುಮ್ಮನೆ ಕೂಡ್ರಬೇಕಾಗಿಲ್ಲ. ಸೈನ್ಯದಿಂದ ನಿವೃತ್ತರಾಗಿ ಬಂದವರು, ಗೃಹರಕ್ಷಕ ದಳದಲ್ಲಿ ಇರುವವರು, ಶಾಲೆಯ ದೈಹಿಕ ಶಿಕ್ಷಕರು, ಹಳೆಯ ಕೆಡೆಟ್‌ಗಳು ಇವರಲ್ಲಿ ಒಬ್ಬರಾದರೂ ಸಮೀಪದಲ್ಲಿ ಸಿಗುತ್ತಾರೆ. ಅವರಿಂದ ಕೆಳಗಿನ ನಾಲ್ಕು ಪಾಠಗಳನ್ನು ಕಲಿಯಿರಿ.

ಒಂದನೆಯ ಪಾಠ: ನಿಲ್ಲುವುದು. ‘ಸಾವಧಾನ್’ ಎಂದಾಗ ಹಿಮ್ಮಡಿಗಳು ಕೂಡಿರಬೇಕು, ಮುಂಗಾಲು ತುಸು ಬಿಚ್ಚಿರಬೇಕು, ಕೈಗಳು ತೊಡೆಗೆ ಹತ್ತಿರಬೇಕು, ನೋಟ ನೇರ. ‘ವಿಶ್ರಾಮ್’ ಎಂದಾಗ ಎಡಗಾಲನ್ನು ಎಡಕ್ಕೆ ಸುಮಾರು ಒಂದು ಅಡಿ ಸರಿಸಿ ಕೈಗಳನ್ನು ಬೆನ್ನ ಹಿಂದೆ ಕಟ್ಟುವುದು. ನೆಟ್ಟಗೆ ನಿಲ್ಲುವುದೆಂದರೆ ಬಿಗಿದು ಮರವಾಗುವುದಲ್ಲ, ಉಸಿರಾಟ ಸರಾಗವಾಗಿರಬೇಕು.

ಎರಡನೆಯ ಪಾಠ: ಸಾಲು ಕಟ್ಟುವುದು. ಎತ್ತರದವರು ಬಲಕ್ಕೆ, ಗಿಡ್ಡವರು ಎಡಕ್ಕೆ ಬರುವಂತೆ ಒಂದೇ ಸಾಲಿನಲ್ಲಿ ನಿಲ್ಲಿಸಿರಿ. ಇಲ್ಲಿ ಜಾತಿ, ಓಣಿ, ಮನೆತನ ಯಾವುದನ್ನೂ ಕೇಳುವಂತಿಲ್ಲ. ಎತ್ತರವೊಂದೇ ಲೆಕ್ಕ. ಗೌಡರ ಮಗನ ಪಕ್ಕದಲ್ಲಿ ಕೂಲಿಯವನ ಮಗ ನಿಂತರೆ ಅದು ಅಳತೆಯ ತೀರ್ಪು, ಯಾರ ಔದಾರ್ಯವೂ ಅಲ್ಲ. ಎಷ್ಟೋ ಭಾಷಣಗಳು ಮಾಡಲಾರದ ಕೆಲಸವನ್ನು ಈ ಒಂದು ನಿಯಮ ಸದ್ದಿಲ್ಲದೆ ಮಾಡುತ್ತದೆ. ಬೂಟು ಇದ್ದವರನ್ನು ಮುಂದೆ, ಇಲ್ಲದವರನ್ನು ಹಿಂದೆ ನಿಲ್ಲಿಸಿದರೆ ಆ ಕೆಲಸವೆಲ್ಲ ಹಾಳು.

ಮೂರನೆಯ ಪಾಠ: ಎಣಿಕೆ. ‘ಗಿನತಿ ಕರ್’ ಎಂದಾಗ ಬಲಗಡೆಯಿಂದ ಪ್ರತಿಯೊಬ್ಬರೂ ತಮ್ಮ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಬೇಕು. ಒಂದು, ಎರಡು, ಮೂರು. ಇದು ಎಲ್ಲಕ್ಕಿಂತ ಸಣ್ಣ ಪಾಠದಂತೆ ಕಾಣುತ್ತದೆ. ಆದರೆ ಎಲ್ಲಕ್ಕಿಂತ ಬೆಲೆಯುಳ್ಳದ್ದು. ತನ್ನ ಸಂಖ್ಯೆ ತನಗೆ, ಪಕ್ಕದವನ ಸಂಖ್ಯೆಯೂ ತನಗೆ ಗೊತ್ತಿರಬೇಕು. ಹನ್ನೊಂದು ಎಂದ ಮೇಲೆ ಮೌನವಾದರೆ ಹನ್ನೆರಡನೆಯವನು ಎಲ್ಲಿ ಎಂಬ ಪ್ರಶ್ನೆ ಅದೇ ಕ್ಷಣ ಏಳುತ್ತದೆ. ಹೊಳೆಯ ದಂಡೆಯಲ್ಲಿ, ಜಾತ್ರೆಯ ಗದ್ದಲದಲ್ಲಿ, ಕತ್ತಲೆಯಲ್ಲಿ ಈ ಎಣಿಕೆ ಜೀವ ಉಳಿಸುತ್ತದೆ.

ನಾಲ್ಕನೆಯ ಪಾಠ: ನಡೆಯುವುದು. ‘ತೇಜ್ ಚಲ್’ ಎಂದಾಗ ಎಡಗಾಲು ಮೊದಲು ಮುಂದೆ, ಅದರ ಜೊತೆ ಬಲಗೈ ಮುಂದೆ. ದೊಡ್ಡವರ ಕವಾಯತಿನಲ್ಲಿ ಒಂದು ಹೆಜ್ಜೆ 30 ಅಂಗುಲ, ನಿಮಿಷಕ್ಕೆ 120 ಹೆಜ್ಜೆ. ಅಂದರೆ ನಿಮಿಷಕ್ಕೆ 300 ಅಡಿ. ಒಂದು ಕಿಲೋಮೀಟರಿಗೆ ಸುಮಾರು 11 ನಿಮಿಷ. ಗಡಿಯಾರ ನೋಡುತ್ತ 15 ಸೆಕೆಂಡಿಗೆ 30 ಪೆಟ್ಟು ಬರುವಂತೆ ಹಲಗಿ ಬಾರಿಸಿದರೆ ಹೆಜ್ಜೆ ತಾನಾಗಿ ಕೂಡುತ್ತದೆ, ಬ್ಯಾಂಡು ಬೇಕಿಲ್ಲ. ಸಣ್ಣ ಮಕ್ಕಳಿಗೆ 30 ಅಂಗುಲದ ಹೆಜ್ಜೆ ಹಾಕಿಸಬಾರದು. ಅವರ ಕಾಲಿಗೆ ತಕ್ಕ ಹೆಜ್ಜೆ ಇರಲಿ.

5. ಆಜ್ಞೆ ಕೊಡುವವರಿಗೆ ನಾಲ್ಕು ಮಾತು

ಆಜ್ಞೆಯಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಎಚ್ಚರಿಸುವ ಮಾತು, ಎರಡನೆಯದು ಮಾಡಿಸುವ ಮಾತು. ‘ದಾಹಿನೇ’ ಎಂದು ಎಳೆದು ಹೇಳಿ, ತುಸು ತಡೆದು, ‘ಮುಡ್’ ಎಂದು ಚುರುಕಾಗಿ ಹೇಳಬೇಕು. ನಡುವಿನ ಆ ಸಣ್ಣ ವಿರಾಮದಲ್ಲಿ ಕೇಳುವವನು ತಯಾರಾಗುತ್ತಾನೆ. ವಿರಾಮ ಕೊಡದೆ ಕೂಗಿ, ನಂತರ ಮಕ್ಕಳು ತಪ್ಪಿದರೆಂದು ಬಯ್ಯುವುದು ನ್ಯಾಯವಲ್ಲ. ಅಲ್ಲಿ ತಪ್ಪು ಕೂಗಿದವನದು.

ಎರಡನೆಯದು, ಕಾರಣ ಹೇಳಿರಿ. ಹಿಂದೆ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಒಕ್ಕಲಿಗರೂ ಕುಶಲಕರ್ಮಿಗಳೂ ಸೇರಿದ ಸೈನ್ಯವೊಂದಿತ್ತು. ಅದಕ್ಕೆ ಕವಾಯತು ಕಲಿಸಲು 1778ರಲ್ಲಿ ಸ್ಟೂಬೆನ್ ಎಂಬ ಜರ್ಮನಿಯ ಅಧಿಕಾರಿ ಬಂದನು. ತನ್ನ ದೇಶದ ಸಿಪಾಯಿಗೆ ‘ಮಾಡು’ ಎಂದರೆ ಸಾಕಾಗಿತ್ತು. ಇಲ್ಲಿಯವರಿಗೆ ‘ಇದನ್ನು ಯಾಕೆ ಮಾಡಬೇಕು’ ಎಂದು ಮೊದಲು ತಿಳಿಸಬೇಕಾಯಿತೆಂದು ಅವನು ಬರೆದಿಟ್ಟಿದ್ದಾನೆ. ಅವನು ಎಲ್ಲರಿಗೂ ಒಮ್ಮೆಲೆ ಕಲಿಸಲು ಹೋಗಲಿಲ್ಲ. ನೂರು ಜನರಷ್ಟು ಒಂದು ಮಾದರಿ ತಂಡವನ್ನು ತಾನೇ ನಿಂತು ಪಳಗಿಸಿದನು. ಅವರು ಉಳಿದವರಿಗೆ ಕಲಿಸಿದರು. ಹಳ್ಳಿಗೂ ಈ ಎರಡು ಉಪಾಯಗಳು ತಕ್ಕವಾಗಿವೆ. ಹತ್ತು ಜನರನ್ನು ಚೆನ್ನಾಗಿ ಪಳಗಿಸಿರಿ, ಕಾರಣ ಹೇಳಿ ಕಲಿಸಿರಿ. ಒಂದು ಹಣತೆಯಿಂದ ಹತ್ತು ಹಣತೆ ಹಚ್ಚಬಹುದು.

ಮೂರನೆಯದು, ಹೊಡೆಯಬಾರದು. ಬಿಸಿಲಲ್ಲಿ ನಿಲ್ಲಿಸುವುದು, ಕಿವಿ ಹಿಡಿದು ಕೂಡ್ರಿಸುವುದು, ನಾಲ್ವರ ಮುಂದೆ ಹಂಗಿಸುವುದು ಇವೂ ಶಿಕ್ಷೆಯೇ. 2009ರ ಮಕ್ಕಳ ಶಿಕ್ಷಣ ಹಕ್ಕಿನ ಕಾಯದೆ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಅಂಜಿ ಮಾಡಿದ ಕವಾಯತು ಅಂಜಿಸುವವನು ಮರೆಯಾದ ಕೂಡಲೆ ಕರಗಿಹೋಗುತ್ತದೆ.

ನಾಲ್ಕನೆಯದು, ಬಿಸಿಲಿನ ಎಚ್ಚರ. ನಮ್ಮ ಕಡೆಯ ಬಿಸಿಲು ಎಂಥದ್ದೆಂದು ಹೇಳಬೇಕಾಗಿಲ್ಲ. ಕವಾಯತು ಮುಂಜಾನೆ ಎಂಟು ಗಂಟೆಯ ಒಳಗೆ ಮುಗಿಯಲಿ. ಮಕ್ಕಳು ಬರಿಹೊಟ್ಟೆಯಲ್ಲಿ ಬರಬಾರದು. ಬಯಲಿನಲ್ಲಿ ಕುಡಿಯುವ ನೀರಿನ ಕೊಡ ಇರಲೇಬೇಕು. ಅಲ್ಲಾಡದೆ ಬಹಳ ಹೊತ್ತು ನಿಂತರೆ ರಕ್ತ ಕಾಲುಗಳಲ್ಲಿ ನಿಂತು ಮಿದುಳಿಗೆ ಕಡಿಮೆಯಾಗುತ್ತದೆ. ಆಗ ತಲೆ ತಿರುಗಿ ಬೀಳುತ್ತಾರೆ. ಆದ್ದರಿಂದ ಮೊಣಕಾಲನ್ನು ಬಿಗಿಯದೆ ನಿಂತು, ಕಾಲಬೆರಳುಗಳನ್ನು ಆಡಿಸುತ್ತಿರಲು ಹೇಳಿರಿ. ತಲೆ ತಿರುಗಿತೆಂದರೆ ಅಪ್ಪಣೆಗೆ ಕಾಯದೆ ಕುಳಿತುಕೊಳ್ಳಲಿ, ಅದು ಅವಮಾನವಲ್ಲ. ಬಿದ್ದವರನ್ನು ನೆರಳಿಗೆ ಒಯ್ದು ಮಲಗಿಸಿ ಕಾಲುಗಳನ್ನು ತುಸು ಎತ್ತರಕ್ಕೆ ಇಡಬೇಕು. ಪೂರ್ತಿ ಎಚ್ಚರವಾದ ಮೇಲೆಯೇ ನೀರು. ಮೈ ಕಾದು, ಮಾತು ತೊದಲಿದರೆ ಮೈಮೇಲೆ ನೀರು ಹಾಕಿ ಗಾಳಿ ಬೀಸುತ್ತ ಕೂಡಲೆ 108ಕ್ಕೆ ಫೋನು ಮಾಡಿರಿ. ಗಣ್ಯರು ತಡವಾಗಿ ಬಂದರೆ ಮಕ್ಕಳನ್ನು ನೆರಳಿನಲ್ಲಿ ಕೂಡ್ರಿಸಿರಿ. ಅವರು ಬಂದ ಮೇಲೆ ಸಾಲು ಕಟ್ಟಲು ಪಳಗಿದ ದಳಕ್ಕೆ ಎರಡು ನಿಮಿಷ ಸಾಕು. ಅದೇ ಒಳ್ಳೆಯ ಪ್ರದರ್ಶನ.

6. ಬಯಲಿನಿಂದ ಊರಿಗೆ

ನಮ್ಮ ತಾಲೂಕು ಎರಡು ನದಿಗಳ ನಡುವೆ ಇದೆ. ಗಲಗಲಿ, ಕೊರ್ತಿಯ ಕಡೆ ಕೃಷ್ಣೆ. ಅನಗವಾಡಿಯ ಕಡೆ ಘಟಪ್ರಭೆ. ಆಲಮಟ್ಟಿಯ ಹಿನ್ನೀರು ಎಷ್ಟೋ ಊರುಗಳನ್ನು ಎಬ್ಬಿಸಿ ಬೇರೆ ಕಡೆ ಕೂಡ್ರಿಸಿದೆ. 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆಯೂ ಘಟಪ್ರಭೆಯೂ ಕೂಡಿಯೇ ಏರಿ ಜಮಖಂಡಿ, ಮುಧೋಳ ಸೀಮೆಯ ಊರುಗಳಲ್ಲಿ ನೀರು ನುಗ್ಗಿತು. ಮಕ್ಕಳು, ಮುದುಕರು, ದನಕರುಗಳು ರಾತ್ರೋರಾತ್ರಿ ಸ್ಥಳ ಬಿಡಬೇಕಾಯಿತು. ಅಂಥ ಹೊತ್ತಿನಲ್ಲಿ ಊರಿಗೆ ಧೈರ್ಯವಂತರ ಕೊರತೆ ಇರುವುದಿಲ್ಲ. ಎಲ್ಲರೂ ಒಮ್ಮೆಲೆ ಕೂಗುತ್ತಾರೆ, ಎಲ್ಲರೂ ಒಂದೇ ಕಡೆ ಓಡುತ್ತಾರೆ ಎಂಬುದೇ ತೊಂದರೆ. ಯಾರ ಮನೆಯವರು ಹೊರಟರು, ಯಾರು ಉಳಿದರು ಎಂಬುದು ಯಾರಿಗೂ ತಿಳಿಯುವುದಿಲ್ಲ.

ಇಲ್ಲಿ ಪಳಗಿದ ದಳ ಕೆಲಸಕ್ಕೆ ಬರುತ್ತದೆ. ಅದು ಮಾಡಬಹುದಾದ ಕೆಲಸಗಳು ಹೀಗಿವೆ:

(ಅ) ಓಣಿಯ ಎಣಿಕೆ. ಮಳೆಗಾಲಕ್ಕೆ ಮೊದಲೇ ಪ್ರತಿ ಓಣಿಗೆ ಇಬ್ಬರಂತೆ ಹೊಣೆ ಹಂಚಿ, ಆ ಓಣಿಯ ಮುದುಕರು, ಬಸುರಿಯರು, ಕೂಸುಗಳು, ನಡೆಯಲಾರದವರು ಇವರ ಪಟ್ಟಿ ಮಾಡಿ ಗ್ರಾಮ ಪಂಚಾಯತಿಗೆ ಒಂದು ಪ್ರತಿ ಕೊಡುವುದು. ಹೊರಡುವಾಗಲೂ ಹೊಸ ಜಾಗ ತಲುಪಿದ ಮೇಲೂ ಪಟ್ಟಿ ಹಿಡಿದು ಎಣಿಸುವುದು.

(ಆ) ಕೈಸಾಲು. ಮಾರಿಗೆ ಒಬ್ಬರಂತೆ ಸಾಲು ನಿಂತು ಕಾಳಿನ ಚೀಲ, ಹಾಸಿಗೆ, ಪಾತ್ರೆಗಳನ್ನು ಕೈಯಿಂದ ಕೈಗೆ ದಾಟಿಸುವುದು. ಹತ್ತು ಜನ ಓಡಾಡಿ ಹೊರುವುದಕ್ಕಿಂತ ಹತ್ತು ಜನ ಸಾಲು ನಿಂತು ದಾಟಿಸಿದರೆ ದಣಿವು ಕಡಿಮೆ. ಬಣವೆಗೆ ಬೆಂಕಿ ಬಿದ್ದಾಗಲೂ ಇದೇ ರೀತಿ: ಒಂದು ಸಾಲಿನಲ್ಲಿ ತುಂಬಿದ ಕೊಡ ಮುಂದೆ ಹೋಗಲಿ, ಇನ್ನೊಂದು ಸಾಲಿನಲ್ಲಿ ಬರಿಕೊಡ ಹಿಂದೆ ಬರಲಿ.

(ಇ) ಜಾತ್ರೆ, ಸಂತೆ, ತೇರು. ತೇರಿನ ಗಾಲಿಯ ಹತ್ತಿರ ಜನ ನುಗ್ಗದಂತೆ ಹಗ್ಗ ಹಿಡಿದು ನಿಲ್ಲುವುದು, ತಪ್ಪಿಸಿಕೊಂಡ ಮಕ್ಕಳನ್ನು ಒಂದು ಗೊತ್ತಾದ ಕಟ್ಟೆಗೆ ತರುವುದು, ಬರುವ ದಾರಿ ಮತ್ತು ಹೋಗುವ ದಾರಿ ಬೇರೆ ಮಾಡುವುದು. ಈ ಕೆಲಸಗಳನ್ನು ಪೊಲೀಸರ ಮತ್ತು ಪಂಚಾಯತಿಯ ಅಪ್ಪಣೆಯಿಂದ, ಅವರ ಕೈಕೆಳಗೆ ಮಾಡಬೇಕು.

ಒಂದು ಕಟ್ಟುನಿಟ್ಟಿನ ಮಾತು. 18 ವರ್ಷದ ಒಳಗಿನವರನ್ನು ನೆರೆಯ ನೀರಿಗಾಗಲಿ ಬೆಂಕಿಯ ಹತ್ತಿರಕ್ಕಾಗಲಿ ಬಿಡಕೂಡದು. ಮೊಣಕಾಲು ಮಟ್ಟದ ಹರಿಯುವ ನೀರು ದೊಡ್ಡವರನ್ನೂ ಕೆಡವಬಲ್ಲದು. ಮಕ್ಕಳಿಗೆ ಪಟ್ಟಿ ಓದುವ, ನೀರು ಕೊಡುವ, ಕೂಸುಗಳನ್ನು ನೋಡಿಕೊಳ್ಳುವ ಕೆಲಸ ಇದೆ. ಅದೂ ಸಣ್ಣ ಕೆಲಸವಲ್ಲ. ದೋಣಿಯ ಕೆಲಸ ಅದನ್ನು ಕಲಿತವರಿಗೇ ಇರಲಿ.

7. ಹೆಣ್ಣುಮಕ್ಕಳ ಸಾಲು

ಕೆಲವು ಊರುಗಳಲ್ಲಿ ಹುಡುಗರು ಕವಾಯತು ಮಾಡುತ್ತಾರೆ, ಹುಡುಗಿಯರು ಸ್ವಾಗತಗೀತೆ ಹಾಡಿ ಆರತಿ ತಟ್ಟೆ ಹಿಡಿಯುತ್ತಾರೆ. ಹಾಡು ಬೇಡವೆಂದು ಹೇಳುವುದಿಲ್ಲ. ಆದರೆ ನೆರೆ ಬಂದ ರಾತ್ರಿ ಬಸುರಿಯನ್ನು ಎಬ್ಬಿಸಿ ಕರೆತರಲು, ಮನೆಯೊಳಗಿನ ಮುದುಕಿಗೆ ಧೈರ್ಯ ಹೇಳಲು ಹೆಣ್ಣುಮಕ್ಕಳೇ ಹೆಚ್ಚು ಅನುಕೂಲ. ನೂರು ವರ್ಷದ ಹಿಂದೆ ಉಮಾಬಾಯಿಯವರು ಬೆಳಗಾವಿಯಲ್ಲಿ ಮಾಡಿ ತೋರಿಸಿದ್ದನ್ನು ನಾವು ಇಂದು ಮಾಡಲಾರೆವೆಂದರೆ ಹೇಗೆ? ಎನ್.ಸಿ.ಸಿ.ಯಲ್ಲಿಯೂ 1949ರಿಂದ ಹುಡುಗಿಯರಿದ್ದಾರೆ. 2020ರ ಆಗಸ್ಟ್ 15ರಂದು ಗಡಿ ಮತ್ತು ಕರಾವಳಿಯ ಜಿಲ್ಲೆಗಳಿಗೆ ಒಂದು ಲಕ್ಷ ಹೊಸ ಕೆಡೆಟ್‌ಗಳನ್ನು ಸೇರಿಸುವ ಯೋಜನೆ ಸಾರಿದಾಗ ಅವರಲ್ಲಿ ಮೂರನೆಯ ಒಂದು ಪಾಲು ಹುಡುಗಿಯರಿರಬೇಕೆಂದು ಹೇಳಲಾಯಿತು. ಊರ ದಳದಲ್ಲಿ ಅರ್ಧ ಪಾಲು ಇದ್ದರೆ ಇನ್ನೂ ಚೆನ್ನ. ಕವಾಯತಿನ ಹೊತ್ತು ಅವರ ಮನೆಗೆಲಸಕ್ಕೆ ಅಡ್ಡಬರದಂತೆ ಇಟ್ಟುಕೊಳ್ಳಿರಿ. ಜೊತೆಯಲ್ಲಿ ಒಬ್ಬ ಶಿಕ್ಷಕಿಯೋ ಹಿರಿಯ ಹೆಣ್ಣುಮಗಳೋ ಇರಲಿ.

8. ಆರಂಭ ಮಾಡುವ ಬಗೆ

ಮೊದಲ ವಾರ ಮಂಡಳಿಯ ಸಭೆ ಕರೆದು, ತಾವಾಗಿ ಒಪ್ಪಿ ಬರುವ 12ರಿಂದ 20 ಜನರ ಹೆಸರು ಬರೆದುಕೊಳ್ಳಿರಿ. ಮಕ್ಕಳಿದ್ದರೆ ತಂದೆತಾಯಿಗಳ ಒಪ್ಪಿಗೆ ಬೇಕು. ವಾರಕ್ಕೆ ಎರಡು ಮುಂಜಾನೆ, ಒಂದೊಂದು ಸಲಕ್ಕೆ ಮುಕ್ಕಾಲು ತಾಸು ಸಾಕು. ಮೊದಲ ತಿಂಗಳು ನಿಲ್ಲುವುದು, ಸಾಲು, ಎಣಿಕೆ. ಎರಡನೆಯ ತಿಂಗಳು ನಡೆಯುವುದು, ತಿರುಗುವುದು, ಕೈಸಾಲು. ಮೂರನೆಯ ತಿಂಗಳು ಪ್ರಥಮ ಚಿಕಿತ್ಸೆಯ ಪಾಠವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದವರಿಂದ ಕೇಳಿ ಮಾಡಿಸಿಕೊಂಡು, ಒಂದು ಸಂತೆಯ ದಿನವೋ ಜಾತ್ರೆಯ ದಿನವೋ ಕೆಲಸಕ್ಕೆ ಇಳಿಯಿರಿ. ಸುಗ್ಗಿಯ ಹಂಗಾಮಿನಲ್ಲಿ ವಾರಕ್ಕೆ ಒಂದೇ ದಿನ ಇಟ್ಟುಕೊಳ್ಳಿರಿ. ಹೊಲದ ಕೆಲಸ ಕೆಡಿಸಿ ಕವಾಯತು ಮಾಡುವುದು ಬೇಡ.

ಮುಂದಾಳು ಒಬ್ಬನೇ ಆಗಬಾರದು. ವಾರಕ್ಕೊಬ್ಬರು ಸರದಿಯಲ್ಲಿ ಆಜ್ಞೆ ಕೊಡಲಿ. ಆಜ್ಞೆ ಕೊಟ್ಟವನು ಮರುವಾರ ಸಾಲಿನಲ್ಲಿ ನಿಂತು ಪಾಲಿಸಲಿ. ಪಾಲಿಸಿ ಗೊತ್ತಿದ್ದವನೇ ಸರಿಯಾಗಿ ಆಜ್ಞೆ ಕೊಡಬಲ್ಲ. ದಳವು ಯಾವ ಪಕ್ಷದ ಬಾಲವೂ ಆಗಬಾರದು, ಯಾವ ಒಬ್ಬ ದೊಡ್ಡ ಮನುಷ್ಯನ ಮೆರವಣಿಗೆಗೂ ಬಾಡಿಗೆಗೆ ಹೋಗಬಾರದು. ಅದು ಊರಿನದು.

ಸಮವಸ್ತ್ರಕ್ಕೆ ಹಣವಿಲ್ಲವೆಂದು ಕೆಲಸ ನಿಲ್ಲಿಸಬೇಡಿರಿ. ಒಂದೇ ಬಣ್ಣದ ಕೈಪಟ್ಟಿ ಸಾಕು. ನಿಮ್ಮ ಊರಿನ ಪ್ರೌಢಶಾಲೆಯಲ್ಲಿ ಎನ್.ಸಿ.ಸಿ., ಸ್ಕೌಟು ಗೈಡು ಅಥವಾ ಸೇವಾದಳದ ಘಟಕ ಇದೆಯೇ ಎಂದು ಮುಖ್ಯಾಧ್ಯಾಪಕರನ್ನು ವಿಚಾರಿಸಿರಿ. ಇಲ್ಲದಿದ್ದರೆ ಘಟಕ ಬೇಕೆಂದು ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಠರಾವು ಮಾಡಿ ಕಳಿಸಿರಿ. ಕೇಳದೆ ಇದ್ದರೆ ತಾಯಿಯೂ ಹಾಲು ಕೊಡುವುದಿಲ್ಲ.

ಕೊನೆಗೆ, ನಿಮ್ಮ ದಳ ಗಟ್ಟಿಯಾಯಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಮೆರವಣಿಗೆಯ ದಿನ ಬಿದ್ದ ಚಪ್ಪಾಳೆಯಿಂದ ಅಲ್ಲ. ಯಾವುದಾದರೂ ಒಂದು ರಾತ್ರಿ, ಮೊದಲು ಸುದ್ದಿ ಕೊಡದೆ, ಚಾವಡಿಯ ಮುಂದೆ ಹಲಗಿ ಬಾರಿಸಿ ನೋಡಿರಿ. ಎಷ್ಟು ನಿಮಿಷಕ್ಕೆ ಎಷ್ಟು ಜನ ಬಂದು ಸಾಲು ಕಟ್ಟಿ ತಮ್ಮ ಸಂಖ್ಯೆ ಹೇಳಿದರು, ಬಾರದವನು ಯಾರು, ಅವನ ಮನೆಗೆ ನೋಡಿಬರಲು ಯಾರು ಓಡಿದರು ಎಂಬುದನ್ನು ಬರೆದಿಡಿರಿ. ಆ ಚೀಟಿಯೇ ನಿಮ್ಮ ದಳದ ಪ್ರಮಾಣಪತ್ರ.

ಕೂಟದಲ್ಲಿ ಚರ್ಚಿಸಲು ಪ್ರಶ್ನೆಗಳು

1. ನಿಮ್ಮ ಊರಿನಲ್ಲಿ ಕವಾಯತು ಬಲ್ಲವರು ಯಾರು ಯಾರು? ಅವರಲ್ಲಿ ಕಲಿಸಲು ಒಪ್ಪುವವರು ಎಷ್ಟು ಜನ?

2. ನಾಗಪುರದ ಸೆರೆಮನೆಯಲ್ಲಿ ಹುಬ್ಬಳ್ಳಿಯ ತಂಡ ಕ್ಷಮೆ ಬರೆಯದೆ ಉಳಿದದ್ದಕ್ಕೆ ಕಾರಣವೇನೆಂದು ನಿಮಗೆ ಅನಿಸುತ್ತದೆ?

3. ಕಡ್ಡಾಯದ ಶಿಸ್ತಿಗೂ ಒಪ್ಪಿ ಪಾಲಿಸುವ ಶಿಸ್ತಿಗೂ ಏನು ಭೇದ? ನಿಮ್ಮ ಮನೆಯಿಂದಲೋ ಹೊಲದಿಂದಲೋ ಒಂದು ಉದಾಹರಣೆ ಕೊಡಿರಿ.

4. ನಿಮ್ಮ ಓಣಿಯಲ್ಲಿ ರಾತ್ರಿ ಒಮ್ಮೆಲೆ ಮನೆ ಬಿಡಬೇಕಾದರೆ ಇನ್ನೊಬ್ಬರ ಸಹಾಯವಿಲ್ಲದೆ ಹೊರಡಲಾರದವರು ಯಾರು? ಅವರ ಹೊಣೆ ಯಾರದು?

5. ಕಳೆದ ಜಾತ್ರೆಯಲ್ಲಿ ಎಲ್ಲಿ ಜನ ಹೆಚ್ಚು ಇಕ್ಕಟ್ಟಾದರು? ಮುಂದಿನ ಸಲ ಅಲ್ಲಿ ದಳದ ಎಷ್ಟು ಜನ ನಿಲ್ಲಬೇಕು?